ಮಾಳಮ್ಮನ ಬೈಗುಳವೂ ರಾಯರ ಸೈಲೆನ್ಸರೂ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಗಂಡನನ್ನು ಬೈಯುವ ಹೆಂಗಸರಿಗೆ ಬರವೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದಾಗಿನಿಂದ ಸಂಜೆ ದೀಪ ಹಚ್ಚುವ ತನಕ, ಅದೂ ಗಿರಾಕಿಗಳ ಎದುರಿಗೇ, ಬಿಡುವಿಲ್ಲದೆ ಬೈಯುವವಳೆಂದರೆ ಒಬ್ಬಳೇ: ಗ್ಯಾಸ್ ವೆಲ್ಡಿಂಗ್ ಅಮೃತಪ್ಪನ ಹೆಂಡತಿ ಮಾಳಮ್ಮ. ಚಿಂಚೋಳಿ ತಾಲೂಕಿನ ಕೊಡ್ಲಿಯ ಹೆಣ್ಣು. ಮದುವೆಯಾಗಿ ಬಂದಾಗ ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವ ಹಾಗೆ ಇದ್ದವಳು, ಈ ಮೂರು ವರ್ಷದಲ್ಲಿ ಯಾಕೆ ಹೀಗಾದಳೋ ಎಂದು ಓಣಿಯವರು ಮಾತಾಡಿಕೊಳ್ಳುತ್ತಿದ್ದರು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರೇ ಇದ್ದ ಕಾಲ ಅದು.

"ಎಲ್ಲಿ ಹೊಂಟೀರಿ ಅತ್ತಾಗ? ಬಲಕ್ಕ ಬರ್ರಿ, ಬಲಕ್ಕ! ಅರ್ಧ ಬಟ್ಟು ಜಾಗಾ ಬಿಟ್ಟೇ ಬಿಟ್ರಲ್ಲ, ಅದನ್ನೇನು ನಿಮ್ಮಪ್ಪ ಬಂದು ಬೆಸೀತಾನೇನು?"

ಇದು ಅವಳ ಮಾತಿನ ಮಾದರಿ. ತಮಾಷೆಯೆಂದರೆ ಬೈಗುಳಕ್ಕೂ ಅವಳು 'ರೀ' ಹಚ್ಚುತ್ತಿದ್ದಳು. ಗಂಡನ ಮಾನ ತೆಗೆಯುವಾಗಲೂ ಬಹುವಚನ ತಪ್ಪುತ್ತಿರಲಿಲ್ಲ. ಅಮೃತಪ್ಪ ಒಂದು ದಿನವೂ ತಿರುಗಿ ಮಾತಾಡಿದವನಲ್ಲ. ಕರಿ ಕನ್ನಡಕ ಹಾಕಿಕೊಂಡು, ತಲೆ ಬಗ್ಗಿಸಿ, ಅವಳು ಬಲಕ್ಕೆ ಎಂದರೆ ಬಲಕ್ಕೆ, ಸಾಕು ಎಂದರೆ ಸಾಕು. ಕೆಲವರು ಕೆಲಸವಿಲ್ಲದಿದ್ದರೂ ಈ ತಮಾಷೆ ನೋಡಲೆಂದೇ ಅಂಗಡಿಯ ಮುಂದೆ ಬೀಡಿ ಹಚ್ಚಿ ನಿಲ್ಲುತ್ತಿದ್ದರು. ನಕ್ಕವರು ನಕ್ಕರು, ಮರುಗಿದವರು ಮರುಗಿದರು. ಒಬ್ಬರಿಗೂ ಒಳಗಿನ ಸಂಗತಿ ತಿಳಿಯಲಿಲ್ಲ.

ಒಳಗಿನ ಸಂಗತಿ ಇಷ್ಟೆ. ಅಮೃತಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕತ್ತಲೆಯಲ್ಲ. ಬೆಳಕಿದ್ದ ಕಡೆ ಬೆಳಕು, ನೆರಳಿದ್ದ ಕಡೆ ಮಸಿ, ಅಷ್ಟು ತಿಳಿಯುತ್ತಿತ್ತು. ಗ್ಯಾಸಿನ ಉರಿ ಕಾಣುತ್ತಿತ್ತು. ಕಬ್ಬಿಣ ಕೆಂಪಾಗಿ ಕರಗುವುದೂ ಕಾಣುತ್ತಿತ್ತು. ಕಾಣದೆ ಇದ್ದದ್ದು ಬಿರುಕು. ಅದು ಎಲ್ಲಿ ಶುರುವಾಗಿದೆ, ಎಲ್ಲಿ ಮುಗಿದಿದೆ, ಉರಿ ಅದರ ಮೇಲೇ ಇದೆಯೋ ಪಕ್ಕಕ್ಕೆ ಸರಿದಿದೆಯೋ, ಇದನ್ನು ಯಾರಾದರೂ ಹೇಳಿಕೊಡಬೇಕಿತ್ತು. ಮಾಳಮ್ಮ ಹೇಳಿಕೊಡುತ್ತಿದ್ದಳು. ಊರಿನ ಕಿವಿಗೆ ಅದು ಬೈಗುಳವಾಗಿ ಕೇಳುತ್ತಿತ್ತು, ಕೇಳಲೆಂದೇ ಅವಳು ಹಾಗೆ ಹೇಳುತ್ತಿದ್ದಳು. ಹೆಂಡತಿ ಪಕ್ಕದಲ್ಲಿ ಕುಳಿತು ಮೆತ್ತಗೆ ದಾರಿ ತೋರಿಸಿದ್ದರೆ ಎರಡೇ ದಿನಕ್ಕೆ ಜನಕ್ಕೆ ಅನುಮಾನ ಬರುತ್ತಿತ್ತು. ಬೈಯುವ ಹೆಂಡತಿಯ ಮೇಲೆ ಯಾರಿಗೆ ಅನುಮಾನ?

ಅವಳಿಗೆ ಮೊದಲು ತಿಳಿದದ್ದು ಊಟದ ಹೊತ್ತಿನಲ್ಲಿ. ರೊಟ್ಟಿ ತಟ್ಟೆಯಲ್ಲಿತ್ತು. ಅವನ ಕೈ ತಟ್ಟೆಯ ಪಕ್ಕದ ಹಾಸುಗಲ್ಲನ್ನು ತಡವುತ್ತಿತ್ತು. ಮಾಳಮ್ಮ ತಟ್ಟೆಯನ್ನು ಅವನ ಕೈಯ ಕೆಳಗೆ ಸರಿಸಿದಳು, ಅವನೂ ಏನೂ ಆಗದವನಂತೆ ಮುರಿದು ತಿಂದ. ಮರುವಾರ ಗ್ಯಾಸಿಗೆ ಬೇಕಾದ ಕಾರ್ಬೈಡ್ ತರುತ್ತೇನೆಂದು ಗುಲಬರ್ಗಾಕ್ಕೆ ಹೋಗಿ ಬಂದವನ ಅಂಗಿ ಒಗೆಯಲು ತೆಗೆದುಕೊಂಡಾಗ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಓದಲು ಬಾರದ ಮಾಳಮ್ಮ ಅದನ್ನು ಓಣಿಯ ನರ್ಸ್ ಅನಸುಬಾಯಿಗೆ ತೋರಿಸಿದಳು.

"ಕಣ್ಣಿನ ನರ ಒಣಗ್ಯಾವಂತ ಬರದಾರವ್ವ. ಇದಕ್ಕ ಆಪರೇಷನ್ ಇಲ್ಲ, ಔಷಧಾನೂ ಇಲ್ಲ. ಯಾರದಿದು?"

"ನಮ್ಮ ತವರುಮನಿ ಕಡೆಯವರದು," ಎಂದಳು ಮಾಳಮ್ಮ. ಅಂಗಿ ಒಣಗಿದ ಮೇಲೆ ಚೀಟಿಯನ್ನು ಮೊದಲಿದ್ದ ಹಾಗೆಯೇ ಜೇಬಿನಲ್ಲಿಟ್ಟಳು.

ಗಂಡನನ್ನು ಕೇಳಬಹುದಿತ್ತು. ಕೇಳಲಿಲ್ಲ. ಬಾಯಿಬಿಟ್ಟು ಆಡಿದರೆ ಅದು ಖರೇ ಆಗಿಬಿಡುತ್ತದೆ ಎಂಬ ಅಂಜಿಕೆ. ಅವನೇ ಹೇಳಲಿ ಎಂದು ಕಾದಳು. ಅವನು ಹೇಳಲಿಲ್ಲ. ಆಮೇಲೆ ಒಂದು ದಿನ ಅಂಗಡಿಗೆ ಬುತ್ತಿ ತೆಗೆದುಕೊಂಡು ಹೋದಾಗ, ನೇಗಿಲಿನ ಕುಳ ಬೆಸೆಯುತ್ತಿದ್ದ ಅವನ ಉರಿ ಅವನದೇ ಎಡಗೈ ಹೆಬ್ಬೆರಳಿನ ಕಡೆಗೆ ಸರಿಯುತ್ತಿತ್ತು. "ಎಡಗೈ ಹಿಂದ ತಗೀರಿ! ಸುಟ್ಟುಕೊಂಡ್ರ ಉಣಸವರು ಯಾರು?" ಎಂದು ಚೀರಿದಳು. ಅವನು ಕೈ ತೆಗೆದ. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗೆಯಲ್ಲಿ ಮಾಳಮ್ಮನಿಗೆ ದಾರಿ ಹೊಳೆಯಿತು. ಮರುದಿನದಿಂದ ಅಂಗಡಿಯಲ್ಲೇ ಬಂದು ಕುಳಿತಳು. ಅವನು ಬೇಡವೆನ್ನಲಿಲ್ಲ. ಬೇಡವೆನ್ನದಿದ್ದ ಮೇಲೆ ಅವನಿಗೂ ಎಲ್ಲ ಅರ್ಥವಾಗಿದೆ, ಗಂಡಸು, ಬಾಯಿಬಿಟ್ಟು ಹೇಳಲಾರ ಎಂದು ಅವಳು ತಿಳಿದಳು.

ಹಾಗೆ ಮೂರು ವರ್ಷ. ಆ ಮೂರು ವರ್ಷ ಮಾಳಮ್ಮ ಒಂದು ಹೊತ್ತೂ ಅಂಜಿಕೆಯಿಲ್ಲದೆ ಉಸಿರಾಡಲಿಲ್ಲ. ಬೆಳಿಗ್ಗೆ ಭೋಂಗಾ ಕೂಗಿದರೂ ಅಂಜಿಕೆ. ಅಂಗಡಿಯ ಮುಂದೆ ಸೈಕಲ್ ನಿಂತರೂ ಅಂಜಿಕೆ, ಗಾಡಿ ನಿಂತರೂ ಅಂಜಿಕೆ. ಇವತ್ತು ಯಾವನಿಗೆ ತಿಳಿಯುತ್ತದೋ, ಇವತ್ತು ಎಲ್ಲಿ ಸುಡುತ್ತದೋ. ಎಂಟು ತಾಸು ಕಣ್ಣು ಮಿಟುಕಿಸದೆ ಉರಿಯ ತುದಿ ನೋಡಿ, ಗಂಟಲು ಹರಿಯುವಂತೆ ಕೂಗಿ ಮನೆಗೆ ಬಂದರೆ ಅವಳಿಗೆ ಮಾತಾಡುವ ತ್ರಾಣವೇ ಉಳಿಯುತ್ತಿರಲಿಲ್ಲ. ರೊಟ್ಟಿ ಬಡಿದು, ನೀಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು.

ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಮುಚ್ಚಿದ ಡಬ್ಬಿಯದು. ಅಮೃತಪ್ಪ ಕೆಲಸ ಕಲಿತದ್ದು ವಾಡಿಯಲ್ಲಿ, ಮಶಾಕ ಉಸ್ತಾದರ ಕೈಕೆಳಗೆ. ಇವರ ಮದುವೆಯಾದ ಹೊಸತರಲ್ಲಿ, ಖಾಲಿ ಎಂದು ನಂಬಿ ಎಣ್ಣೆಯ ಡ್ರಮ್ಮಿಗೆ ಉರಿ ಹಿಡಿದಾಗ ಅದು ಸಿಡಿದು ಉಸ್ತಾದರು ಶಿಷ್ಯನ ಕಣ್ಣೆದುರಿಗೇ ಹೋದರು. ಅವತ್ತು ಅಮೃತಪ್ಪ ತೊಟ್ಟಿದ್ದ ಅಂಗಿಯನ್ನು ಮಾಳಮ್ಮ ಒಗೆಯಲಿಲ್ಲ, ಹೂತು ಬಂದಳು. ಅಲ್ಲಿಂದ ಈಚೆಗೆ ಬಾಯಿ ಮುಚ್ಚಿದ ಯಾವ ವಸ್ತುವನ್ನೂ ಅವನು ಮುಟ್ಟಿದವನಲ್ಲ. ಬಾಯಿ ತೆರೆದಿದೆಯೋ ಎಂದು ಕಣ್ಣಿದ್ದಾಗ ತಾನೇ ನೋಡುತ್ತಿದ್ದ, ಕಣ್ಣು ಹೋದ ಮೇಲೆ ಬೆರಳು ಹಾಕಿ ನೋಡುತ್ತಿದ್ದ, ಮಾಳಮ್ಮ ಇನ್ನೊಮ್ಮೆ ನೋಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಚಿತ್ತಾಪುರದ ಕಡೆಯ ಕಲ್ಲಿನ ಖಣಿಯ ಮಾಲೀಕ ಹಣಮಂತರಾಯರು ತಮ್ಮ ಲಾರಿಯಿಂದ ಇಳಿದರು. ಹಿಂದೆ ಅವರ ಆಳು ಭೀಮಶ್ಯಾ, ಎರಡು ಹೆಗಲಿನ ಮೇಲೆ ಎರಡು ಸೈಲೆನ್ಸರು. ರಾಯರ ವಿಲಾಯತಿ ಮೋಟಾರ್ ಸೈಕಲ್ ಗೊತ್ತಿಲ್ಲದವರು ಆ ಸೀಮೆಯಲ್ಲಿ ಇರಲಿಲ್ಲ. ನಿಜಾಮರ ಸೈನ್ಯ ಚದುರಿದಾಗ ಹೈದರಾಬಾದಿನಲ್ಲಿ ಹರಾಜಿಗೆ ಬಂದಿದ್ದ ಗಾಡಿ. ಎರಡು ಸಿಲಿಂಡರು, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸೈಲೆನ್ಸರು. ಬಿಡಿಭಾಗ ಬೇಕೆಂದರೆ ಹಡಗಿನಲ್ಲಿ ಬರಬೇಕು, ಬರುತ್ತಿರಲಿಲ್ಲ. ಆದ್ದರಿಂದ ಮುರಿದದ್ದನ್ನೆಲ್ಲ ಬೆಸೆದು ಬೆಸೆದೇ ಓಡಿಸಬೇಕು. ಈಗ ನೋಡಿದರೆ ಎರಡೂ ಸೈಲೆನ್ಸರು ಪಟ್ಟಿ ಹಿಡಿಸಿದ ಜಾಗದಿಂದ ಗೇಣುದ್ದ ಬಿರುಕು ಬಿಟ್ಟಿದ್ದವು.

"ಅಮೃತಪ್ಪ, ನಾಳಿ ಸೇಡಂಕ ಹೋಗಬೇಕು, ಮಗಳ ಮಾತುಕತಿ ಅದ," ಎಂದರು ರಾಯರು. "ಗಾಡಿ ಚಾಲೂ ಮಾಡಿದ್ರ ಬಂದೂಕು ಹಾರಿಸಿದಂಗ ಆಗ್ಲಿಕತ್ತದ. ಹೋದ ವಾರ ಖಣ್ಯಾಗ ಎತ್ತು ಬೆದರಿ ಬಂಡಿ ಪಲ್ಟಿ ಹೊಡೀತು. ಈ ಸಪ್ಪಳ ತಗೊಂಡು ಹೋದ್ರ ಬೀಗರು ಬಾಗಲಾ ಹಾಕ್ಕೋತಾರ. ಇವತ್ತೇ ಆಗಬೇಕು."

"ಮಾಡೋಣ್ರಿ. ಒಳಗ ತೊಳದೀರೇನ್ರಿ?"

"ತೊಳೀದೇ ಬಿಡ್ತಾಳೇನು ನಮ್ಮಾಕಿ? ನಮ್ಮ ಮನ್ಯಾಗ ತೊಳೀದ ಭಾಂಡೆ ಬೆಂಕಿಗೆ ಹೋಗಂಗಿಲ್ಲ."

ಅವರ ಹೆಂಡತಿ ಸುಂದರಬಾಯಿಯ ನೇಮ ಅದು. ಕಲಾಯಿಯವನಿಗೆ ಕೊಡುವ ಹಂಡೆ ಚರಿಗೆಯನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ ತೊಳೆದೇ ಕೊಡಬೇಕು, ಬೆಂಕಿಗೆ ಹೋಗುವುದು ಮೈಲಿಗೆಯಾಗಿ ಹೋಗಬಾರದು. ಆ ನೇಮ ಸೈಲೆನ್ಸರಿಗೂ ನಡೆದಿತ್ತು. ಕಲಾಯಿ ಮಾಡುವವರಿಗೆ ಇದರಿಂದ ಒಳ್ಳೆಯದೇ ಆಗುತ್ತಿತ್ತು, ವೆಲ್ಡಿಂಗಿನವನಿಗೂ ಒಳ್ಳೆಯದೇ ಎಂದು ಅಮೃತಪ್ಪ ತಲೆಯಾಡಿಸಿದ.

ಅವಸರದ ಮನುಷ್ಯ ರಾಯರು, ಒಂದು ಸೈಲೆನ್ಸರನ್ನು ತಾವೇ ಭೀಮಶ್ಯಾನ ಕೈಯಿಂದ ತೆಗೆದುಕೊಂಡು ಕಬ್ಬಿಣ ಹಿಡಿದಿಡುವ ಶಿಕಂಜದಲ್ಲಿ ಇಟ್ಟು ಬಿಗಿದರು. ಆ ಅವಸರದಲ್ಲಿ, ತೊಳೆದದ್ದೆಂಬ ನಂಬಿಕೆಯಲ್ಲಿ, ಬಾಯಿಗೆ ಬೆರಳು ಹಾಕಿ ನೋಡುವುದು ಗಂಡಹೆಂಡತಿ ಇಬ್ಬರಿಗೂ ತಪ್ಪಿತು. ಅಮೃತಪ್ಪ ತಂತಿಯ ಬ್ರಷ್ ಹಿಡಿದು ತಿಕ್ಕತೊಡಗಿದ. ತಿಕ್ಕುತ್ತಿದ್ದದ್ದು ಬಿರುಕು ಇಲ್ಲದ ಕಡೆ. ಮಾಳಮ್ಮ ಬಾಯಿ ತೆಗೆದಳು.

"ಅಲ್ಲೇನು ತಿಕ್ಕಾಕತ್ತೀರಿ, ಎಮ್ಮಿ ಮೈ ತೊಳದಂಗ? ಮ್ಯಾಲ ಬರ್ರಿ, ಮ್ಯಾಲ! ಇನ್ನೂ ಎರಡು ಬಟ್ಟು!"

ರಾಯರ ಮುಖ ಕೆಂಪೇರಿತು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಮ್ಮನೆ ನಕ್ಕು ಬಿಡುತ್ತಿದ್ದರು.

"ಸಾಕು ಮಾಡವ್ವ ತಂಗಿ! ದೇವರಂಥ ಗಂಡ, ನಾಲ್ಕು ಮಂದ್ಯಾಗ ಹಿಂಗ ಮಾನಾ ತಗೀತೀಯಲ್ಲ! ನಿನ್ನ ಬಾಯಿಗೆ ಅಂಜಿ ನಾ ಎರಡು ಸಲ ವಾಪಸ್ ಹೋಗೀನಿ. ಇವತ್ತು ನಾ ಇರೂತನಕ ಇದು ನಡೆಯಂಗಿಲ್ಲ. ಹೊರಗ ಹೋಗಿ ಕುಂದ್ರು. ಬಾಯಿ ತಗದಿ ಅಂದ್ರ ಸೈಲೆನ್ಸರ್ ವಾಡಿಗೆ ಒಯ್ತೀನಿ." ಆಮೇಲೆ ಅಮೃತಪ್ಪನ ಬೆನ್ನು ತಟ್ಟಿದರು. "ಒಂದು ತಾಸರೆ ಆರಾಮ ಕೆಲಸ ಮಾಡಪಾ."

ಮಾಳಮ್ಮ ಗಂಡನ ಮುಖ ನೋಡಿದಳು. 'ಇರಲಿ ಬಿಡ್ರಿ ರಾಯರ' ಎಂದು ಅವನು ಹೇಳುತ್ತಾನೆ ಎಂದುಕೊಂಡಳು. ಹೇಳಲೇಬೇಕು, ಹೇಳದೆ ಗತಿಯಿಲ್ಲ.

"ಹೋಗು," ಎಂದ ಅಮೃತಪ್ಪ. "ಹೊರಗ ಕುಂದ್ರು."

ಇವನಿಗೇನಾಯಿತು, ಬುದ್ಧಿ ಕೆಟ್ಟಿತೇ, ಎದುರಿಗೆ ಉರಿ ಇಟ್ಟುಕೊಂಡು ಕಣ್ಣನ್ನೇ ಹೊರಗೆ ಕಳಿಸುತ್ತಿದ್ದಾನಲ್ಲ! ಆದರೆ ಆಡುವಂತಿಲ್ಲ. ಆಡಿದರೆ ಗುಟ್ಟು ಹೋಯಿತು, ಗುಟ್ಟು ಹೋದರೆ ಅಂಗಡಿ ಹೋಯಿತು. ಸೆರಗು ಬಿಗಿದುಕೊಂಡು ಹೊರಗೆ ಬಂದಳು.

ಹೊರಗೆ ಬೇವಿನ ಮರದ ಕೆಳಗೆ ಕಾರ್ಬೈಡಿನ ಡ್ರಮ್ಮು. ಕಾರ್ಬೈಡಿಗೆ ನೀರು ಬಿದ್ದು ಅದರೊಳಗೆ ಗ್ಯಾಸ್ ಆಗುತ್ತಿತ್ತು. ಅಲ್ಲಿಂದ ಒಂದು ರಬ್ಬರ್ ನಳಿಗೆ ಹೊಸ್ತಿಲು ದಾಟಿ ಒಳಗೆ ಅಮೃತಪ್ಪನ ಕೈಗೆ ಹೋಗುತ್ತಿತ್ತು. ಆ ಡ್ರಮ್ಮಿನ ನಾತ ಓಣಿಗೆಲ್ಲ ಹಬ್ಬಿ ಮೂಗಿಗೆ ಬೇರೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಮಾಳಮ್ಮ ಡ್ರಮ್ಮಿನ ಪಕ್ಕ ಕುಕ್ಕರಿಸಿದಳು. ಬಾಗಿಲಿನಿಂದ ಗಂಡನ ಬೆನ್ನು, ಮೊಣಕೈ ಕಾಣುತ್ತಿದ್ದವು. ರಾಯರು ಉರಿಗೆ ಕಣ್ಣು ಕೊಡಲಾರದೆ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ ಕುಳಿತಿದ್ದರು. ಕಡ್ಡಿ ಗೀರಿದ ಸಪ್ಪಳ, ಆಮೇಲೆ ಉರಿ ಹತ್ತಿದ ಸಪ್ಪಳ. ಇನ್ನೂ ಕೆಳಗೆ, ಇನ್ನೂ ಕೆಳಗೆ ಎಂದು ಮಾಳಮ್ಮ ತುಟಿಯಲ್ಲೇ ಹೇಳಿಕೊಂಡಳು.

ಭೀಮಶ್ಯಾ ಬಂದು ಮರಕ್ಕೆ ಒರಗಿ ಕುಳಿತ. ಪಾಪ, ಇವಳಿಗೆ ಬೇಸರವಾಗಿದೆ ಎಂದು ಮಾತಿಗೆ ಎಳೆದ.

"ರಾಯರ ಮಾತು ಮನಸಿಗೆ ಹಚ್ಚಿಕೋಬ್ಯಾಡಕ್ಕ. ನನಗೂ ನಿನ್ನಿ ಇಡೀ ಬೈಸಿಕೊಂಡೇ ಆಗ್ಯಾದ. ಆ ಸೈಲೆನ್ಸರ್ ತೊಳೀಬೇಕಾದ್ರ ಸಾಕುಸಾಕಾತು. ಬಾಯೇರು ಹುಣಸಿಹಣ್ಣು ಕೊಟ್ರು, ಬೂದಿ ಕೊಟ್ರು. ವಿಲಾಯತಿ ಮಸಿ ಅದು, ಅದಕ್ಕೆಲ್ಲಿ ಹೋಗ್ತದ? ಕಡೀಕ ನಾನೇ ಬುದ್ಧಿ ಓಡಿಸಿದೆ. ಒಂದೊಂದಕ್ಕ ಎರಡು ಶೀಶೆ ಪೆಟ್ರೋಲ್ ಹುಯ್ದು ಬಾಯಿಗೆ ಅರಿವಿ ಜಡದು ನೆನಿಲಿಕ್ಕ ಇಟ್ಟ್ಯಾ."

ಮಾಳಮ್ಮನ ತುಟಿ ನಿಂತವು. "ಮುಂಜಾನಿ ಚೆಲ್ಲಿದ್ಯೋ ಇಲ್ಲೋ ಅಣ್ಣಾ?"

"ಹೂಂ, ಚೆಲ್ಲಿದ್ಯಾ. ಬಂದಷ್ಟು ಬಂತು. ಒಳಗ ಏನೋ ಹತ್ತಿ ಇದ್ದಂಗ ಅದ, ಅದು ಕುಡದದ್ದು ಕುಡದದ. ಲಾರ್ಯಾಗ ಧೂಳು ಹೋಗಬಾರದಂತ ಎರಡೂ ಕಡೆ ಮತ್ತ ಅರಿವಿ ಒಳತನಕ ಜಡದೀನಿ. ಸ್ವಚ್ಛ ಅಂದ್ರ ಸ್ವಚ್ಛ ಅದ!"

ಬಾಯಿ ಮುಚ್ಚಿದ ಡಬ್ಬಿ. ಒಳಗೆ ಪೆಟ್ರೋಲ್. ಹೊರಗೆ ಉರಿ.

"ನಿಲ್ರೀ!" ಎಂದು ಅವಳು ಕೂಗಿದ್ದಕ್ಕೂ, ಸೊಲ್ಲಾಪುರದ ಕಡೆಯಿಂದ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿ ಸ್ಟೇಷನ್ನಿಗೆ ನುಗ್ಗಿದ್ದಕ್ಕೂ ಸರಿಹೋಯಿತು. ಮೂರು ವರ್ಷ ಇಡೀ ಓಣಿಗೆ ಕೇಳಿದ ಬಾಯಿ ಆ ಗಳಿಗೆಯಲ್ಲಿ ಮಾರು ದೂರಕ್ಕೂ ಕೇಳಲಿಲ್ಲ. ಮತ್ತೆ ಕೂಗಿದಳು. ಅವನ ಮೊಣಕೈ ಮುಂದಕ್ಕೆ ಬಾಗುತ್ತಿತ್ತು. ಎದ್ದು ಓಡಬೇಕೆಂದರೆ ಕಾಲು ಏಳಲಿಲ್ಲ. ಖರೇ ಹೇಳುತ್ತೇನೆ, ಅಂಜಿಕೆ ಮನುಷ್ಯನನ್ನು ಓಡಿಸುತ್ತದೆ ಎನ್ನುವವರು ನಿಜವಾಗಿ ಅಂಜಿದವರಲ್ಲ. ಅವಳಿಗೆ ಕಂಡದ್ದು ವಾಡಿಯ ಆ ಅಂಗಿ ಒಂದೇ. ಕೈ ಮಾತ್ರ ಅವಳ ಮಾತು ಕೇಳಿತು. ಕಾಲ ಬುಡದಲ್ಲಿದ್ದ ರಬ್ಬರ್ ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ಮಡಚಿ, ಮಡಚಿದ್ದರ ಮೇಲೆ ಮೊಣಕಾಲೂರಿ ಕುಳಿತುಬಿಟ್ಟಳು.

ಒಳಗೆ ಫಟ್ ಎಂದು ಸಿಡಿದ ಸಪ್ಪಳ. ಮಾಳಮ್ಮ ಕಣ್ಣು ಮುಚ್ಚಿದಳು. ಹೋಯಿತು ಎಂದುಕೊಂಡಳು.

ಹೋಗಿರಲಿಲ್ಲ. ಗ್ಯಾಸ್ ನಿಂತು ಉರಿ ಆರಿದ ಸಪ್ಪಳವದು. ಕಣ್ಣು ತೆರೆದಾಗ ರೈಲು ದಾಟಿ ಹೋಗಿತ್ತು, ರಾಯರು ಹೊಸ್ತಿಲಲ್ಲಿ ನಿಂತು ಹಾರಾಡುತ್ತಿದ್ದರು. "ಹುಚ್ಚು ಹಿಡದದೇನು ಈಕಿಗೆ! ನಳಿಗಿ ಮ್ಯಾಲೆ ಕುಂತಾಳ!"

"ಒಳಗ ಪೆಟ್ರೋಲ್ ಅದರೀ! ಭೀಮಶ್ಯಣ್ಣ ಹುಯ್ದಾನ, ಬಾಯಿಗೆ ಅರಿವಿ ಅದ!"

ರಾಯರು ಒಳಗೆ ಹೋಗಿ ಬಗ್ಗಿ ನೋಡಿದರು. ಶಿಕಂಜದಲ್ಲಿ ಓರೆಯಾಗಿದ್ದ ಸೈಲೆನ್ಸರಿನ ಬಿರುಕಿನಿಂದ ಪೆಟ್ರೋಲ್ ತೊಟ್ಟು ತೊಟ್ಟಾಗಿ ಅಮೃತಪ್ಪನ ಬಲಗಾಲಿನ ಬೂಟಿನ ಮೇಲೆ ಬೀಳುತ್ತಿತ್ತು. ಹಾಸುಗಲ್ಲು ಅಂಗೈಯಗಲ ಕಪ್ಪಾಗಿತ್ತು. ಇನ್ನು ನಾಲ್ಕು ಬೆರಳು ಉರಿ ಮುಂದೆ ಹೋಗಿದ್ದರೆ ಅಮೃತಪ್ಪನೂ ಇಲ್ಲ, ಅವನ ಹಿಂದೆ ಕುಳಿತಿದ್ದ ರಾಯರೂ ಇಲ್ಲ. ಅದು ತಲೆಗೆ ಹೋದ ಕೂಡಲೇ ರಾಯರ ಅಂಜಿಕೆಯೆಲ್ಲ ಸಿಟ್ಟಾಯಿತು.

"ಏನೋ ಇದು? ನಿನ್ನ ಕಾಲ ಮ್ಯಾಲೇ ಸೋರಾಕತ್ತದ! ಕಣ್ಣಿಗೆ ಕಾಣಸಲಿಲ್ಲೇನು?"

ಅಮೃತಪ್ಪ ಬಗ್ಗಿ ನೋಡಿದ. ನೋಡಿದ್ದು ಎಡಗಾಲನ್ನು.

ರಾಯರು ಅವನನ್ನೇ ದಿಟ್ಟಿಸಿದರು. "ಕುಡದೀಯೇನು?"

ಅಮೃತಪ್ಪನ ಕೊರಳಲ್ಲಿ ತುಳಸಿಮಾಲೆ. ಪಂಢರಪುರಕ್ಕೆ ನಡೆದು ಹೋಗಿ ಬಂದವನು, ಮದುವೆಯ ಊಟದಲ್ಲೂ ಹೆಂಡದ ವಾಸನೆ ಬಂದರೆ ಎದ್ದು ಬರುವವನು. ಅವನು ತಲೆ ತಗ್ಗಿಸಿ, "ಹೌದ್ರಿ," ಎಂದ. "ಮುಂಜಾನಿ ಜರಾ ತಗೊಂಡಿದ್ಯಾ. ತಪ್ಪಾತ್ರಿ ರಾಯರ. ಇನ್ನೊಮ್ಮೆ ಹಂಗ ಮಾಡಂಗಿಲ್ಲ."

ಮಾಳಮ್ಮ ಹೊಸ್ತಿಲಲ್ಲಿ ನಿಂತು ಇದನ್ನು ಕೇಳಿದಳು. ಲೆಕ್ಕಾಚಾರ ಅವಳಿಗೆ ತಕ್ಷಣ ತಿಳಿಯಿತು. ಕುಡುಕನನ್ನು ಜನ ಬೈದು ನಾಳೆ ಮತ್ತೆ ನಂಬುತ್ತಾರೆ. ಕುರುಡನ ಕೈಗೆ ಯಾರೂ ಕೆಲಸ ಕೊಡುವುದಿಲ್ಲ. ಈ ಸುಳ್ಳು ನಿಂತರೆ ಅಂಗಡಿ ನಿಂತಿತು. ಈ ಸುಳ್ಳು ನಿಂತರೆ ನಾಳೆಯೂ ಅವನು ಉರಿ ಹಿಡಿಯುತ್ತಾನೆ, ನಾಡಿದ್ದೂ ಹಿಡಿಯುತ್ತಾನೆ. ಪ್ರತಿ ಸಲವೂ ಅವಳ ಕೈಗೆ ನಳಿಗೆ ಸಿಕ್ಕೀತೇ? ಮೂರು ವರ್ಷ ಯಾವ ಮಾತಿಗೆ ಅಂಜಿ ಹಗಲೆಲ್ಲ ಒದರಿದ್ದಳೋ ಆ ಮಾತು ಅವಳ ಬಾಯಿಗೆ ಬಂತು.

"ಕುಡದಿಲ್ರಿ ಅವರು. ಒಂದು ದಿನಾನೂ ಕುಡದವರಲ್ಲ. ಅವರಿಗೆ ಕಣ್ಣು ಕಾಣಸಂಗಿಲ್ಲ. ಮೂರು ವರ್ಷ ಆತು."

ಅಮೃತಪ್ಪ ಅವಳ ಕಡೆಗೆ ಮುಖ ತಿರುಗಿಸಿದ. ರಾಯರು ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ ಕುರ್ಚಿಯ ಮೇಲೆ ಕುಸಿದರು. ಹಣೆ ಒರೆಸಿಕೊಂಡರು.

"ಹೋದ ತಿಂಗಳು ನನ್ನ ಲಾರಿ ಡೀಸೆಲ್ ಟ್ಯಾಂಕಿಗೆ ಇವನೇ ಬೆಸುಗಿ..." ಎಂದು ಶುರುಮಾಡಿ ಅಷ್ಟಕ್ಕೇ ನಿಲ್ಲಿಸಿದರು. ಮಾಳಮ್ಮನ ಕಡೆ ತಿರುಗಿ, "ಕುರುಡನ ಕೈಯಾಗ ಬೆಂಕಿ ಕೊಟ್ಟು ಕೂಡಿಸೀಯಲ್ಲವ್ವ," ಎಂದರು. ಬೈದ ಹಾಗಿರಲಿಲ್ಲ. ಭೀಮಶ್ಯಾ ಶಿಕಂಜ ಸಡಿಲಿಸಿದ. ತಾನು ಮಾಡಿದ್ದೇನೆಂದು ಅವನಿಗೂ ಈಗ ತಿಳಿದಿತ್ತು. ಸೈಲೆನ್ಸರುಗಳನ್ನು ಹೊತ್ತು ಇಬ್ಬರೂ ಹೋದರು. ಗಿರಾಕಿಯೊಬ್ಬ ಬಾಗಿಲ ತನಕ ಬಂದವನು ಎಲ್ಲ ಕೇಳಿಸಿಕೊಂಡು, ಒಳಗೆ ಬಾರದೆ ಸೈಕಲ್ ತಿರುಗಿಸಿದ. ಸಂಜೆಯೊಳಗೆ ಸುದ್ದಿ ಊರು ತುಂಬಿತು.

ಅಂಗಡಿ ಎರಡು ತಿಂಗಳು ಮುಚ್ಚಿತ್ತು. ಆಮೇಲೆ ತೆರೆದಾಗ ಉರಿ ಮಾಳಮ್ಮನ ಕೈಯಲ್ಲಿತ್ತು. ಅಮೃತಪ್ಪ ಪಕ್ಕದಲ್ಲಿ ಕುಳಿತು ಉರಿಯ ಸಪ್ಪಳ ಕೇಳಿಯೇ ಗ್ಯಾಸ್ ಹೆಚ್ಚಾಯಿತು, ಕಡಿಮೆಯಾಯಿತು ಎಂದು ಹೇಳುತ್ತಿದ್ದ. ಹೆಂಗಸಿನ ಕೈಯ ಬೆಸುಗೆ ಎಂದು ಮೊದಲು ನಗುತ್ತಿದ್ದವರೇ ಆಮೇಲೆ ಸಾಲಾಗಿ ನಿಂತರು. ರಾಯರ ಸೈಲೆನ್ಸರನ್ನು ವಾಡಿಯಲ್ಲಿ ಯಾರೋ ಬೆಸೆದಿದ್ದರು. ಅದು ಆರು ತಿಂಗಳಿಗೆ ಮತ್ತೆ ಬಿರುಕು ಬಿಟ್ಟಾಗ ಭೀಮಶ್ಯಾ ಮಾಳಮ್ಮನ ಹತ್ತಿರವೇ ತಂದ. ಈ ಸಲ ತೊಳೆದಿರಲಿಲ್ಲ. ಅವಳು ಎರಡೂ ಬಾಯಿಗೆ ಬೆರಳು ಹಾಕಿ, ಮೂಸಿ ನೋಡಿ, ಒಂದು ದಿನವಿಡೀ ಬಿಸಿಲಿಗಿಟ್ಟು, ಹಿತ್ತಾಳೆ ತಂತಿಯಿಂದ ಬೆಸೆದುಕೊಟ್ಟಳು. ಹದಿನೈದು ವರ್ಷ ಆ ರಸ್ತೆಯಲ್ಲಿ ಅವಳು ಉರಿ ಹಿಡಿದಳು. ಒಂದು ದಿನವೂ ಅಂಜಿಕೆ ಬಿಟ್ಟು ಹಿಡಿಯಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ದಿನ, ರಾಯರ ಲಾರಿ ಹೋದ ಮೇಲೆ, ಗಂಡಹೆಂಡತಿ ಇಬ್ಬರೇ ಅಂಗಡಿಯಲ್ಲಿ ಉಳಿದರು. ಮಾಳಮ್ಮ ಹಾಸುಗಲ್ಲಿನ ಮೇಲೆ ಮಣ್ಣು ಹಾಕಿ ಪೆಟ್ರೋಲ್ ಒರೆಸಿದಳು. ಅವನು ಬಾಯಿ ಬಿಡುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದು ಕಾದಳು. ಅವನು ಗೋಡೆಗೆ ಒರಗಿ ಕುಳಿತಿದ್ದ, ಕರಿ ಕನ್ನಡಕ ತೊಡೆಯ ಮೇಲಿತ್ತು.

"ನಿನಗ ಯಾವಾಗ ಗೊತ್ತಾತು?" ಎಂದ ಕೊನೆಗೆ.

"ಮೊದಲಿಂದ. ನೀವು ಗುಲಬರ್ಗಾಕ ಹೋಗಿ ಚೀಟಿ ತಂದ್ರಲ್ಲ, ಆವಾಗಿಂದ."

"ಮೊದಲಿಂದ?" ಅವನಿಗೆ ನಂಬಿಕೆಯಾಗಲಿಲ್ಲ. "ಹಂಗಾರ ನೀ ಬಲಕ್ಕ ಬರ್ರಿ, ಎಡಕ್ಕ ಹೋಗ್ರಿ ಅಂತ ಒದರೂದು..."

"ಮತ್ತೇನು ಮಾಡಬೇಕಿತ್ತು? ನಿಮಗ ಕಾಣಸಲಿ ಅಂತ ಒದರ್ತಿದ್ದೆ. ನಿಮಗದು ಗೊತ್ತದ ಅಂತ ತಿಳಕೊಂಡಿದ್ದೆ."

ಅಮೃತಪ್ಪ ತೊಡೆಯ ಮೇಲಿನ ಕನ್ನಡಕವನ್ನು ತೆಗೆದು ಪಕ್ಕಕ್ಕಿಟ್ಟ.

"ನನಗ ಗೊತ್ತಿರಲಿಲ್ಲ. ಕೆಲಸದಾಗ ತಪ್ಪು ಆಗ್ತಾವು, ಅದಕ್ಕ ಬೈತಾಳ ಅಂತ ನಾ ತಿಳಕೊಂಡಿದ್ಯಾ. ನೀ ಬೈದದ್ದು ಹಿಡಕೊಂಡು ನಾ ಕೈ ಸರಿ ಮಾಡ್ಕೋತಿದ್ಯಾ, ಅದು ನನ್ನ ನಸೀಬು ಅಂತಿದ್ಯಾ. ಅಂಗಡ್ಯಾಗ ಹಗಲೆಲ್ಲ ಬೈತಿದ್ದಿ, ಮನಿಗೆ ಬಂದ್ರ ಒಂದು ಮಾತಿಲ್ಲ, ಗ್ವಾಡಿ ಕಡೆ ಮಾರಿ ಮಾಡಿ ಮಲಗ್ತಿದ್ದಿ. ಈಕಿಗೆ ನಾ ಸಾಕಾಗೀನಿ, ಕುರುಡ ಅಂತ ತಿಳಿದ್ರ ಕೊಡ್ಲಿಗೆ ಹೋಗಿಬಿಡ್ತಾಳ ಅಂತ ದಿನಾ ಅಂಜತಿದ್ಯಾ. ಇವತ್ತು ರಾಯರು ಬೈಬ್ಯಾಡ ಅಂದಾಗ ಹಗುರಾತು ನೋಡು. ಒಂದು ತಾಸು ಬೈಗುಳ ಇಲ್ದ ಇರೋಣಂತ ನಾ ನಿನಗ ಹೋಗು ಅಂದ್ಯಾ."

ಮಾಳಮ್ಮನ ಕೈಯಲ್ಲಿದ್ದ ಮಣ್ಣಿನ ಬುಟ್ಟಿ ಹಾಗೇ ನಿಂತಿತು. ಅವಳು ಮೂರು ವರ್ಷ ಹೆದರಿದ್ದು ಒಬ್ಬಳೇ ಎಂದುಕೊಂಡಿದ್ದಳು. ಒಂದೇ ಸೂರಿನಡಿ, ಒಂದೇ ಕೌದಿಯಲ್ಲಿ ಇನ್ನೊಬ್ಬನೂ ಹೆದರಿಕೊಂಡು ಮಲಗಿದ್ದ, ಅದೂ ತನಗೇ. ಅವಳಿಗೆ ಅಳು ಬಂತು, ಅತ್ತಳು. ಅವನು ಕೇಳಿಸಿಕೊಂಡ.

"ಹಂಗಾರ ಒಂದು ಹೇಳು," ಎಂದ. "ಅಷ್ಟು ಬೈಗುಳದಾಗ ಒಂದೂ ಖರೇ ಇರಲಿಲ್ಲೇನು?"

ಮಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಯೋಚಿಸಿದಳು. ಸುಳ್ಳು ಹೇಳಿ ಹೇಳಿ ಸಾಕಾಗಿತ್ತು.

"ಒಂದೆರಡು ಇದ್ವು," ಎಂದಳು.

ಅಮೃತಪ್ಪ ನಕ್ಕ. ನಗುತ್ತಲೇ ಅವಳ ಕಡೆಗೆ ಕೈ ಚಾಚಿದ. ಕೈ ಅವಳಿದ್ದ ಜಾಗಕ್ಕಿಂತ ಒಂದು ಗೇಣು ಎಡಕ್ಕಿತ್ತು. ಬಲಕ್ಕೆ ಎಂದು ಮಾಳಮ್ಮ ಹೇಳಲಿಲ್ಲ. ತಾನೇ ಒಂದು ಗೇಣು ಸರಿದು ಕುಳಿತಳು.